ಅಪ್ಪ, ಖಾಲಿ ರೂಮು ಮತ್ತು ಇಂಗ್ಲಿಷ್ ಪಿಚ್ಚರ್

ಮಂಡಕ್ಕಿಮಿರ್ಚಿ, ದಾವಣಗೆರೆ:
ವಿದ್ಯಾನಗರದ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮು ಖಾಲಿ ಇದೆ. ಕಳೆದ ವಾರ ತಾಂಜಾನಿಯಾದ ಒಬ್ಬ ಕಾಲೇಜು ಹುಡುಗ ಕೇಳಿಕೊಂಡು ಬಂದ. ಅಡ್ವಾನ್ಸ್ ಕೈಯಲ್ಲೇ ಹಿಡಿದಿದ್ದ. ಅಪ್ಪ ಗೇಟಿನಲ್ಲೇ "ರೂಮು ಹೋಗಿದೆ" ಅಂದುಬಿಟ್ಟರು. ಒಳಗೆ ಬಂದು, "ಅವರೆಲ್ಲ ಡ್ರಗ್ಸ್ ಪಾರ್ಟಿ ಕಣಮ್ಮ" ಅಂದರು. ಅಂಥವರ ಜೊತೆ ಅಪ್ಪ ಒಂದು ಸಲವೂ ಮಾತಾಡಿದವರಲ್ಲ. ಆದರೆ ಮಿಲ್ಲಿನ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಟಿವಿಯಲ್ಲಿ ನೋಡಿದ ಇಂಗ್ಲಿಷ್ ಫೈಟಿಂಗ್ ಪಿಚ್ಚರ್‌ಗಳಿಗೆ ಲೆಕ್ಕವಿಲ್ಲ. ಮಾತು ತಿಳಿಯುತ್ತಿರಲಿಲ್ಲ. ಕಳ್ಳ ಯಾರು ಅಂತ ಮಾತ್ರ ಮುಖ ನೋಡಿಯೇ ಹೇಳುತ್ತಿದ್ದರು. ಹಾಲಿವುಡ್‌ನಲ್ಲಿ ಕಪ್ಪು ಜನರನ್ನೇ ಕಳ್ಳರು ಅಂತ ತೋರಿಸುವುದು ಯಾವಾಗಿನಿಂದ ಶುರುವಾಯಿತು?

ಹಳೇರೀಲು:
1915ರಲ್ಲೇ ಇತ್ತು. 'ದಿ ಬರ್ತ್ ಆಫ್ ಎ ನೇಷನ್' ಚಿತ್ರದಲ್ಲಿ ಬಿಳಿ ಹುಡುಗಿಯ ಬೆನ್ನಟ್ಟುವ ಕಪ್ಪು ಮನುಷ್ಯ ಇದ್ದಾನೆ. ಆ ಪಾತ್ರ ಮಾಡಿದವನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿ ನಟ! ಅದನ್ನು ವೈಟ್ ಹೌಸ್‌ನಲ್ಲೂ ತೋರಿಸಿದರು. ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಮತ್ತೆ ತಲೆ ಎತ್ತಿದ್ದೂ ಅದೇ ವರ್ಷ. ಇನ್ನೊಂದು ನೋಡಿ. ಕಪ್ಪು ನಟ ಡೆಂಜೆಲ್ ವಾಷಿಂಗ್ಟನ್, ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾಲ್ಕಂ ಎಕ್ಸ್ ಪಾತ್ರ ಮಾಡಿದಾಗ ಆಸ್ಕರ್ ನಾಮಿನೇಷನ್ನಿಗೇ ನಿಂತಿತು. 2002ರಲ್ಲಿ ಉತ್ತಮ ನಾಯಕ ನಟ ಅಂತ ಕೊಟ್ಟಿದ್ದು ದುಡ್ಡು ಹೊಡೆಯುವ ಪೊಲೀಸ್ ಪಾತ್ರಕ್ಕೆ. ಅಪ್ಪನಿಗೆ 'ವೆನ್ ದೇ ಸೀ ಅಸ್' ಸರಣಿ ತೋರಿಸಿ.

ದುರ್ಗದವನು:
ಗ್ಯಾಂಗ್, ಗನ್ ಇರುವ ಚಿತ್ರವೆಲ್ಲ ಕೆಟ್ಟದ್ದು ಅನ್ನಬೇಡಿ. 1991ರ 'ಬಾಯ್ಜ್ ಎನ್ ದ ಹುಡ್'ನಲ್ಲಿ ಗುಂಡಿನ ಸದ್ದೂ ಇದೆ, ಮಗನಿಗೆ ಅಂಗಳದ ಎಲೆ ಗುಡಿಸಲು ಹಚ್ಚುವ ಅಪ್ಪನೂ ಇದ್ದಾನೆ. ನಿರ್ದೇಶಕ ಜಾನ್ ಸಿಂಗಲ್ಟನ್ ತಾನು ಬೆಳೆದ ಲಾಸ್ ಏಂಜಲೀಸ್‌ನ ಕಪ್ಪು ಜನರ ಕೇರಿಗಳನ್ನೇ ತೋರಿಸಿದ. ಕೇರಿಯವನೇ ಕ್ಯಾಮೆರಾ ಹಿಡಿದರೆ ಬೇರೆಯೇ ಕಾಣುತ್ತದೆ.

ನಾನು ಕೊರಚರವನು. ನಮ್ಮನ್ನು ಹುಟ್ಟುಗಳ್ಳರು ಅಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದದ್ದು 1871ರಲ್ಲಿ, ಹೋದದ್ದು 1952ರಲ್ಲಿ. ಊರಲ್ಲಿ ಕೋಳಿ ಕಳುವಾದರೆ ಈಗಲೂ ಜನ ಮೊದಲು ನೋಡುವುದು ನಮ್ಮ ಮನೆಗಳ ಕಡೆಗೇ. ಅಂದಹಾಗೆ, ಪಿಚ್ಚರ್‌ನವರು ಅಮೆರಿಕದವರು, ನಿಮ್ಮ ಹುಡುಗ ಆಫ್ರಿಕಾದವನು. ಅಪ್ಪನಿಗೆ ಎರಡೂ ಒಂದೇ ಆಯಿತಾ?

ಮಂಡಕ್ಕಿಮಿರ್ಚಿ:
ಒಂದೇ ಆಗಿದೆ, ಏನು ಹೇಳಲಿ. ನಿನ್ನೆ ಜೊತೆಗೆ ಕೂತು 'ವೆನ್ ದೇ ಸೀ ಅಸ್' ತೋರಿಸಿದೆ. ನ್ಯೂಯಾರ್ಕ್‌ನಲ್ಲಿ 1989ರಲ್ಲಿ ಮಾಡದ ತಪ್ಪಿಗೆ ಪೊಲೀಸರು ಹಿಡಿದ ಐವರು ಹುಡುಗರ ಕಥೆ. 2002ರಲ್ಲಿ ನಿಜವಾದ ಅಪರಾಧಿ ತಾನೇ ಒಪ್ಪಿಕೊಂಡ ಮೇಲೆ ಅವರ ಶಿಕ್ಷೆ ರದ್ದಾಯಿತು. ನಾನು ಅದನ್ನೆಲ್ಲ ಹೇಳುವ ಮೊದಲೇ, ಸ್ಟೇಷನ್ ಸೀನ್‌ನಲ್ಲೇ ಅಪ್ಪ "ಈ ಹುಡುಗ ಮಾಡಿಲ್ಲ ಬಿಡು" ಅಂದರು. ಈ ಸಲವೂ ಮುಖ ನೋಡಿಯೇ!

ರೂಮು ಇನ್ನೂ ಖಾಲಿ ಇದೆ. ಆ ಹುಡುಗನ ನಂಬರ್ ನಾವ್ಯಾರೂ ತೆಗೆದುಕೊಂಡಿರಲಿಲ್ಲ.