ನಂದೇ ಒಂದು ಡಿಜಿಟಲ್ ವಾದ್ಯ ಕಟ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಎರಡು ವರ್ಷದಿಂದ ಲ್ಯಾಪ್‌ಟಾಪಲ್ಲಿ ರೆಡಿಮೇಡ್ ಸೌಂಡ್ ಹಾಕ್ಕೊಂಡೇ ಕಂಪೋಸ್ ಮಾಡ್ತಿದೀನಿ, ಎಲ್ಲಾ ಬೇರೆಯವರ ಸದ್ದೇ ಅನ್ನಿಸೋಕೆ ಶುರುವಾಗಿದೆ. ಕೋಡಿಂಗ್ ಅಷ್ಟಾಗಿ ಬರಲ್ಲ. ಕಟ್ಟಿ ನೋಡಿದೋರು ದಯವಿಟ್ಟು ಹೇಳಿ.

ಉತ್ತರ 1:
ನಾನು ಪ್ಯೂರ್ ಡೇಟಾ ಅನ್ನೋ ಸೌಂಡ್ ಸಾಫ್ಟ್‌ವೇರಿಂದ ಶುರು ಮಾಡ್ದೆ, ಮಿಲ್ಲರ್ ಪಕೆಟ್ ಅವ್ರು ಮಾಡಿದ್ದು, ಫ್ರೀ, ಕೋಡ್ ಬರೆಯೋ ಬದ್ಲು ಡಬ್ಬಿಗಳ ಮಧ್ಯೆ ಗೆರೆ ಎಳೆದು ಜೋಡಿಸ್ತಾ ಹೋಗೋದು. ಮೊದ್ಲು ಕಾರ್ಪ್ಲಸ್-ಸ್ಟ್ರಾಂಗ್ ಮಾಡಿ, ತಂತಿ ಸದ್ದು ಹುಟ್ಟಿಸೋ ವಿಧಾನ ಅದು. 1983ರಲ್ಲಿ ಬಂದ ಐಡಿಯಾ, ಆದ್ರೂ ಮೊದಲ ಸಲ ಕೇಳಿದಾಗ ಮೈ ಜುಮ್ ಅಂತು ನಂಗೆ. ಒಂದು ಚೂರು ನಾಯ್ಸನ್ನ ಡಿಲೇಗೆ (ಸದ್ದನ್ನ ಸ್ವಲ್ಪ ಹೊತ್ತು ತಡೆದು ಬಿಡೋ ಡಬ್ಬಿ) ಬಿಟ್ಟು ಸುತ್ತಿಸ್ತಾ ಇರೋದು, ಪ್ರತಿ ಸುತ್ತಲ್ಲೂ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ (ಸದ್ದನ್ನ ಅಳೆದ ಒಂದೊಂದು ಅಂಕಿ) ಸರಾಸರಿ ತಗೊಳ್ಳೋದು, ಚೂಪು ಸದ್ದು ಬೇಗ ಸವೆದು ಥೇಟ್ ತಂತಿ ಮೀಟಿದಂಗೆ ಕೇಳ್ಸುತ್ತೆ. ಸ್ಯಾಂಪಲ್ ರೇಟ್ ಸೆಕೆಂಡಿಗೆ 44,100 ಇದ್ದು ಡಿಲೇ 200 ಸ್ಯಾಂಪಲ್ ಆದ್ರೆ ಹೆಚ್ಚುಕಮ್ಮಿ 220 ಹರ್ಟ್ಸ್. ಒಂದು ಕಡೆ ಎಲ್ರೂ ಸಿಕ್ಕಾಕೊಳ್ತಾರೆ, ನಾನೂ ಒಂದು ವಾರ ಒದ್ದಾಡಿದೀನಿ: ಪ್ಯೂರ್ ಡೇಟಾ ಒಂದು ಸಲಕ್ಕೆ 64 ಸ್ಯಾಂಪಲ್ ಲೆಕ್ಕ ಹಾಕುತ್ತೆ, ಅದಕ್ಕೇ ಈ ಸುತ್ತು ಸುಮಾರು 690 ಹರ್ಟ್ಸ್ ದಾಟಿ ಮೇಲೆ ಹೋಗಲ್ಲ. ಅಷ್ಟು ಭಾಗನ ಸಬ್‌ಪ್ಯಾಚ್ (ಒಳಗಿನ ಬೇರೆ ಹಾಳೆ) ಮಾಡಿ ಅದರ ಬ್ಲಾಕ್ ಸೈಜ್, ಅಂದ್ರೆ ಆ 64ನ್ನ, 1 ಮಾಡಿ, ಸರಿ ಹೋಗುತ್ತೆ.

ಉತ್ತರ 2:
ಸೌಂಡ್ ಮಾಡೋದು ಬಂತು ನಂಗೆ, ನುಡಿಸೋದೇ ಆಗ್ಲಿಲ್ಲ. ವಾಲ್ಯೂಮ್‌ಗೊಂದು ಸ್ಲೈಡರ್, ಫಿಲ್ಟರ್‌ಗೊಂದು, ಹೀಗೆ ಎಂಟು ಇಟ್ಟೆ, ಮಷೀನ್ ಆಪರೇಟ್ ಮಾಡ್ದಂಗಿತ್ತು. ಕೊಳಲಲ್ಲಿ ಜೋರಾಗಿ ಊದಿದ್ರೆ ಸದ್ದೂ ಏರುತ್ತೆ ನಾದನೂ ಬದಲಾಗುತ್ತೆ ಅಲ್ವಾ, ಅದನ್ನ ನೋಡಿ ಬೆರಳಿನ ಒತ್ತಡ ಒಂದನ್ನೇ ವಾಲ್ಯೂಮ್, ಫಿಲ್ಟರ್ ಎರಡಕ್ಕೂ ಕಟ್ಟಿದೆ, ಅವತ್ತೇ ಅದು ವಾದ್ಯ ಅನ್ನಿಸಿದ್ದು. ಇನ್ನೊಂದು, ಮಾಮೂಲಿ ಮಿಡಿ (ವಾದ್ಯ, ಕಂಪ್ಯೂಟರ್ ಮಾತಾಡ್ಕೊಳ್ಳೋ ಭಾಷೆ) ಕಂಟ್ರೋಲ್‌ನಲ್ಲಿ ಬೆಲೆ 0ಯಿಂದ 127 ಮಾತ್ರ, ನಿಧಾನಕ್ಕೆ ಎಳೆದ್ರೆ ಮೆಟ್ಟಿಲು ಮೆಟ್ಟಿಲಾಗಿ ಕರಕರ ಅನ್ನುತ್ತೆ. ಪ್ರತಿ ಬದಲಾವಣೆನೂ 20 ಮಿಲಿಸೆಕೆಂಡಲ್ಲಿ ಜಾರಿಸಿ.

ಉತ್ತರ 3:
ಬಫರ್, ಅಂದ್ರೆ ಸದ್ದು ಹೊರಗೆ ಬರೋ ಮುಂಚೆ ಕಂಪ್ಯೂಟರ್ ಕೂಡಿಟ್ಕೊಳ್ಳೋ ಸ್ಯಾಂಪಲ್‌ಗಳು, ಎಷ್ಟಿದೆ ನೋಡ್ಕೊಳ್ಳಿ. 48,000 ರೇಟಲ್ಲಿ 512 ಸ್ಯಾಂಪಲ್ ಅಂದ್ರೆ 10 ಮಿಲಿಸೆಕೆಂಡಿಗೂ ಜಾಸ್ತಿ ತಡ, ತಾಳ ಹಿಡಿಯೋ ಕೈಗೆ ಗೊತ್ತಾಗುತ್ತೆ. ನಾನು 64ಕ್ಕೆ ಇಳಿಸಿದೀನಿ. ಆಮೇಲೆ, ಒಂದು ತುಣುಕು ಸಂಗೀತ ಮುಗಿಯೋವರ್ಗೂ ಹೊಸ ಫೀಚರ್ ಸೇರಿಸ್ಬೇಡಿ, ನಾನು ಸೇರಿಸ್ತಾನೇ ಇದ್ದು ಒಂದು ವರ್ಷ ಏನೂ ಕಂಪೋಸ್ ಮಾಡ್ಲಿಲ್ಲ, ಆ ಬೇಜಾರು ಇನ್ನೂ ಇದೆ.

ಕೇಳಿದೋರು:
ತುಂಬಾ ಥ್ಯಾಂಕ್ಸ್. ಒತ್ತಡ ಅಳೆಯೋಕೆ ಏನು ಹಾಕಿದ್ರಿ?

ಉತ್ತರ 2:
ಪ್ರೆಷರ್ ಸೆನ್ಸರ್ ಒಂದು, ಜೊತೆಗೆ 10 ಕಿಲೋಓಮ್ ರೆಸಿಸ್ಟರ್, ಎರಡೂ ಸೇರೋ ಜಾಗದಿಂದ ಆರ್ಡುಯಿನೊ ಊನೊ ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡಿನ ಅನಲಾಗ್ ಪಿನ್‌ಗೆ ಒಂದು ವೈರ್. 0ಯಿಂದ 1023ರ ತನಕ ಬೆಲೆ ಬರುತ್ತೆ, ಮೆತ್ತಗೆ ಮುಟ್ಟಿದ್ರೂ ಸದ್ದು ಮಾತಾಡೋ ಹಾಗೆ ಕರ್ವ್ ಸರಿ ಮಾಡ್ಕೊಳ್ಳಿ.