ಮಿನ್ನೆಸೋಟದ ರಾಚೆಸ್ಟರ್: ಆದಾಯ, ಬಾಡಿಗೆಯ ಅಂಕಿಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ — ಕುವೆಂಪುನಗರ ನಿವಾಸಿ, ಮೈಸೂರು

ನಮ್ಮ ಮಗಳಿಗೆ ಅಮೆರಿಕದ ರಾಚೆಸ್ಟರ್‌ನಲ್ಲಿರುವ ಆಸ್ಪತ್ರೆ ಮೇಯೊ ಕ್ಲಿನಿಕ್‌ನಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ದೊರೆತಿದೆ. 2010ರ ಗಣತಿಯಲ್ಲಿ 1,06,769 ಇದ್ದ ಆ ಊರಿನ ಜನಸಂಖ್ಯೆ 2020ರಲ್ಲಿ 1,21,395ಕ್ಕೆ ಏರಿದೆ. ಅಂದರೆ ನಮ್ಮ ಮಂಡ್ಯ ನಗರಕ್ಕಿಂತ ತುಸು ಚಿಕ್ಕದು. ಕುಟುಂಬದ ಮಧ್ಯಾಂಕ ಆದಾಯ (ಕುಟುಂಬಗಳನ್ನು ಆದಾಯದ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವೆ ಬರುವುದರ ಆದಾಯ) ಚೆನ್ನಾಗಿದೆ, ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಮಾಲೀಕರೇ ವಾಸವಾಗಿದ್ದಾರೆ. ಇಷ್ಟನ್ನು ನೋಡಿ, ಒಂಟಿಯಾಗಿರುವ ಹುಡುಗಿಯ ಸಂಬಳಕ್ಕೆ ಅಲ್ಲಿನ ಬಾಡಿಗೆ ಎಟುಕುತ್ತದೆ ಎಂದುಕೊಳ್ಳಬಹುದೇ?

ಉತ್ತರ 1 — ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ಮೈಸೂರು

ಅಷ್ಟರಿಂದ ತೀರ್ಮಾನಿಸಲು ಬರುವುದಿಲ್ಲ ಸರ್. ಅಲ್ಲಿನ ಗಣತಿ ಇಲಾಖೆಯ ಲೆಕ್ಕದಲ್ಲಿ ಕುಟುಂಬವೆಂದರೆ ಒಂದು ಮನೆಯಲ್ಲಿ ಇರುವವರೆಲ್ಲರೂ. 15 ವರ್ಷ ದಾಟಿದ ಪ್ರತಿಯೊಬ್ಬರ ಆದಾಯವೂ ಸೇರುವುದರಿಂದ, ಗಂಡ-ಹೆಂಡತಿ ಇಬ್ಬರೂ ವೈದ್ಯರಾಗಿರುವ ಮನೆಯೂ ಒಬ್ಬಳೇ ಇರುವ ನಿಮ್ಮ ಮಗಳ ಮನೆಯೂ ಅಲ್ಲಿ ತಲಾ ಒಂದೊಂದು ಕುಟುಂಬವೇ. ಊರಿನ ಅತಿ ದೊಡ್ಡ ಉದ್ಯೋಗದಾತ ಸಂಸ್ಥೆ ಆಸ್ಪತ್ರೆಯೇ ಆಗಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಸ್ವಂತ ಮನೆಯವರ ಮತ್ತು ಬಾಡಿಗೆದಾರರ ಮಧ್ಯಾಂಕ ಆದಾಯವನ್ನು ಬೇರೆ ಬೇರೆಯಾಗಿ ಕೊಡುವ ಪಟ್ಟಿಯೊಂದಿದೆ, ಅದರಲ್ಲಿ ಎರಡನೆಯದನ್ನು ನೋಡಿ.

ಬಾಡಿಗೆಯ ಅಂಕಿಯಲ್ಲೂ ಎರಡು ಬಗೆ. ಕರಾರಿನ ಬಾಡಿಗೆ ಒಂದು. ಅದಕ್ಕೆ ವಿದ್ಯುತ್, ನೀರು, ಮನೆ ಬೆಚ್ಚಗಿಡುವ ಇಂಧನದ ಖರ್ಚು ಕೂಡಿಸಿದ ಒಟ್ಟು ಬಾಡಿಗೆ ಇನ್ನೊಂದು. ಮಿನ್ನೆಸೋಟದ ಚಳಿಗಾಲವನ್ನು ನೆನೆದರೆ ಎರಡನೆಯದನ್ನೇ ಹಿಡಿಯಬೇಕು. ಅದು ತೆರಿಗೆಗೆ ಮೊದಲಿನ ಆದಾಯದ ಶೇ 30ನ್ನು ಮೀರಿದರೆ ಆ ಕುಟುಂಬದ ಮೇಲೆ ವಸತಿ ಹೊರೆಯಿದೆ ಎಂದು ಅಲ್ಲಿನ ಸರ್ಕಾರ ಎಣಿಸುತ್ತದೆ.

ಉತ್ತರ 2 — ಸರಸ್ವತೀಪುರಂ ಓದುಗಿ

ಒಂದು ಮಾತು ಸೇರಿಸುತ್ತೇನೆ. ಆದಾಯ, ಬಾಡಿಗೆಯ ಅಂಕಿಗಳು ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯವಲ್ಲ, ಮಾದರಿ ಸಮೀಕ್ಷೆಯವು. 65,000ಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಒಂದು ವರ್ಷದ ಅಂದಾಜೂ ಸಿಗುತ್ತದೆ, ಐದು ವರ್ಷದ್ದೂ ಸಿಗುತ್ತದೆ. ಪಕ್ಕದಲ್ಲಿ ಕೊಟ್ಟಿರುವ ದೋಷದ ಅಂತರವನ್ನೂ (ಅಂದಾಜು ಎಷ್ಟು ಆಚೀಚೆ ಇರಬಹುದು ಎಂಬುದನ್ನು) ಓದಬೇಕು. ಮೇಲಾಗಿ, ಬಾಡಿಗೆಯ ಮಧ್ಯಾಂಕದಲ್ಲಿ ಬಹುಕಾಲದಿಂದ ಒಂದೇ ಮನೆಯಲ್ಲಿರುವವರ ಬಾಡಿಗೆಯೂ ಸೇರಿರುತ್ತದೆ. ನಮ್ಮ ಬೀದಿಯಲ್ಲೇ ಹಳೆಯ ಬಾಡಿಗೆದಾರರು ಕೊಡುವುದಕ್ಕೂ ಇಂದು ‘ಟು ಲೆಟ್’ ಬೋರ್ಡ್ ನೋಡಿ ಬಂದವರಿಗೆ ಹೇಳುವುದಕ್ಕೂ ಎಷ್ಟು ಅಂತರವಿದೆ! ಹೊಸದಾಗಿ ಹೋಗುವವರು ಜಾಹೀರಾತಿನ ದರವನ್ನೇ ನಂಬುವುದು ಕ್ಷೇಮ.

ಉತ್ತರ 3 — ಮಂಡ್ಯದ ಎಂಜಿನಿಯರ್

ಉದ್ಯೋಗದ ವಿಚಾರವಾಗಿ: ಐಬಿಎಂ 1950ರ ದಶಕದಲ್ಲೇ ಅಲ್ಲಿ ಕಾರ್ಖಾನೆ ತೆರೆಯಿತು, 1988ರ ಎಎಸ್/400 ಕಂಪ್ಯೂಟರ್ ರೂಪುಗೊಂಡದ್ದೂ ಅಲ್ಲಿಯೇ. ಆ ಕಂಪನಿ ಕ್ರಮೇಣ ಕುಗ್ಗಿ ಆಸ್ಪತ್ರೆ ಬೆಳೆದ ಕಾರಣ ಊರಿನ ಭಾರವೆಲ್ಲ ಒಂದೇ ಕಡೆ ವಾಲಿದೆ. 2013ರಲ್ಲಿ ರಾಜ್ಯ ಶಾಸನಸಭೆ ಊರಿನ ನಡುಭಾಗದ ಅಭಿವೃದ್ಧಿಗೆ 58.5 ಕೋಟಿ ಡಾಲರ್ ಸಾರ್ವಜನಿಕ ಹಣದ ದೀರ್ಘಾವಧಿ ಯೋಜನೆಗೆ ಒಪ್ಪಿಗೆ ಕೊಟ್ಟದ್ದೂ ಮೇಯೊ ವಿಸ್ತರಣೆಯ ಸಲುವಾಗಿಯೇ. ಆಸ್ಪತ್ರೆಯ ಹತ್ತಿರ ಮನೆ ಹುಡುಕುವವರಲ್ಲಿ ನಿಮ್ಮ ಮಗಳ ಜೊತೆಗೆ ತರಬೇತಿಯ ವೈದ್ಯರೂ ದಾದಿಯರೂ ಇರುತ್ತಾರೆ. ಆದ್ದರಿಂದ ಬಸ್ ಮಾರ್ಗದಲ್ಲಿ ತುಸು ದೂರದ ಮನೆಗಳನ್ನೂ ಈಗಲೇ ವಿಚಾರಿಸಲು ಹೇಳಿ.