ಸಹಾಯ ಬೇಕು: ತಂಗಿ ಆಕ್ಯುಪೇಷನಲ್ ಥೆರಪಿ ಓದಬೇಕಂತೆ

ಎಲ್ಲರಿಗೂ ನಮಸ್ಕಾರ ರೀ. ನಾವು ಯಾದಗಿರಿ ಜಿಲ್ಲೆ ಶಹಾಪುರ ಕಡೆಯವರು. ತಂಗಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಬಿಓಟಿನೇ (ಆಕ್ಯುಪೇಷನಲ್ ಥೆರಪಿ ಡಿಗ್ರಿ) ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಕಾಯಿಲೆ, ಪೆಟ್ಟು ಆದವರಿಗೆ ಊಟ, ಬಟ್ಟೆಯಂಥ ದಿನನಿತ್ಯದ ಕೆಲಸ ಮತ್ತೆ ತಾವೇ ಮಾಡಿಕೊಳ್ಳೋಕೆ ಕಲಿಸೋ ಚಿಕಿತ್ಸೆ ಅದು. ಫಿಸಿಯೋಥೆರಪಿನೇ ಬೇರೆ, ಇದೇ ಬೇರೆ. (ಮನೆಯವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.)

ಕಾರಣ ನಮ್ಮಜ್ಜಿ. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಥೆರಪಿಸ್ಟ್ ಮೇಡಂ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಹಿಡಿಯೋದು ಅಭ್ಯಾಸ ಮಾಡಿಸುತ್ತಿದ್ದರು. ಆದರೆ ಅಜ್ಜಿ ಜೀವಮಾನದಲ್ಲೇ ಚಮಚದಲ್ಲಿ ಉಂಡವಳಲ್ಲ! ತಂಗಿ ಒಂದಿನ ಜೋಳದ ಹಿಟ್ಟು ಕಲಸಿ ಪರಾತದಲ್ಲಿ ಮುಂದಿಟ್ಟಳು. ಅಜ್ಜಿಯ ಬೆರಳು ಮೆಲ್ಲಗೆ ನಾದೋಕೆ ಶುರುಮಾಡಿದವು. ಮೇಡಂ ಕೂಡ ಖುಷಿಪಟ್ಟು ಮುಂದೆ ಅದನ್ನೇ ಮಾಡಿಸಿದರು. ನಮ್ಮ ಮಾತು, ನಮ್ಮ ಊಟ ಗೊತ್ತಿರುವವರು ಈ ಕೆಲಸಕ್ಕೆ ಬರಬೇಕು, ನಾಳೆ ಕಾಲೇಜಿನಲ್ಲಿ ಪಾಠ ಹೇಳುವವರೂ ಆಗಬೇಕು ಅಲ್ವಾ?

ಈಗ ದುಡ್ಡಿನ ವಿಷಯ. ಅಪ್ಪನದು ಎರಡೆಕರೆ ತೊಗರಿ ಹೊಲ. ಖಾಸಗಿ ಕಾಲೇಜಿನ ಫೀಸು ಆಗದ ಮಾತು. ಕಟಕ್ ಹತ್ತಿರದ ಎಸ್‌ವಿನಿರ್ಟಾರ್, ಕೋಲ್ಕತ್ತದ ಎನ್‌ಐಎಲ್‌ಡಿ ಕೇಂದ್ರ ಸರ್ಕಾರದ ಸಂಸ್ಥೆಗಳು, ಅಲ್ಲಿ ಬಿಓಟಿ ಇದೆ. ನಮ್ಮ 371(ಜೆ) ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವರ ಮೀಸಲಾತಿಯದು) ಅಲ್ಲಿ ನಡೆಯಲ್ಲ, ಅದು ಗೊತ್ತು. ಹೊರರಾಜ್ಯದಲ್ಲಿ ಓದಿದರೆ ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಯಾರಾದರೂ ಪಡೆದಿದ್ದೀರಾ? ಯಾವ ಕಾಗದ ಕೇಳಿದರು?

ಇನ್ನೊಂದು, ಇದೇ ಮುಖ್ಯ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೋಗಿ ಈ ಕೋರ್ಸ್ ಓದಿದ ಅಕ್ಕಂದಿರು ಇದ್ದರೆ ದಯವಿಟ್ಟು ಹೇಳಿ. ಕನ್ನಡ ಮೀಡಿಯಂನಿಂದ ಹೋಗಿ ಅನಾಟಮಿ ಹೇಗೆ ಓದಿದಿರಿ ಅಂತ ತಂಗಿಗೆ ಕೇಳೋದಿದೆ. ರಾತ್ರಿ 8ರ ಮೇಲೆ ಯಾವಾಗ ಬೇಕಾದರೂ ಮಾತಾಡುತ್ತಾಳೆ.